ಒಂದೇ ಊರು, ಎರಡು ಓಟ

ಮೊನಾಕೊ ಒಂದು ಸ್ವತಂತ್ರ ದೇಶ. ಆದರೆ ಅದರ ವಿಸ್ತೀರ್ಣ ಕೇಳಿದರೆ ನಗು ಬರುತ್ತದೆ. ಎರಡು ಚದರ ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ. ನಮ್ಮ ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಅಂಥ ಎರಡು ಲಾಲ್‌ಬಾಗ್‌ಗಳನ್ನು ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ದೇಶ ಮುಗಿಯಿತು. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಉಳಿದ ಕಡೆಯೆಲ್ಲ ಫ್ರಾನ್ಸ್. ನೀರಿನ ಅಂಚಿನಿಂದಲೇ ಬೆಟ್ಟ ಎದ್ದಿರುವುದರಿಂದ ದಸರಾ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿದ ಹಾಗೆ ಮನೆಗಳು ಒಂದರ ಮೇಲೊಂದು ಕೂತಿವೆ. ಕೆಳಗಿನ ಬೀದಿಯಿಂದ ಮೇಲಿನ ಬೀದಿಗೆ ಹೋಗಲು ಅಲ್ಲಲ್ಲಿ ಲಿಫ್ಟುಗಳಿವೆ, ಅವಕ್ಕೆ ದುಡ್ಡಿಲ್ಲ. ಮಂಡಿನೋವಿನ ನಮ್ಮಂಥವರಿಗೆ ಇದಕ್ಕಿಂತ ಉಪಕಾರ ಬೇಕೆ?

ಈ ಅಂಗೈಯಗಲದ ಊರಿಗೆ ಮೋಟಾರು ಓಟದ ಲೋಕದಲ್ಲಿ ಎರಡು ಕಿರೀಟಗಳಿವೆ. ಒಂದು, ಜನವರಿಯ ಚಳಿಯಲ್ಲಿ ನಡೆಯುವ ಮಾಂಟೆ ಕಾರ್ಲೊ ರ‍್ಯಾಲಿ. ಅದು ಶುರುವಾದದ್ದು 1911ರಲ್ಲಿ. ಇನ್ನೊಂದು, ಬೇಸಿಗೆಯ ಹೊಸ್ತಿಲಲ್ಲಿ ನಡೆಯುವ ಮೊನಾಕೊ ಗ್ರ್ಯಾನ್ ಪ್ರಿ, 1929ರಿಂದ. ಮೊದಲನೆಯದು ಊರಾಚೆಯ ಬೆಟ್ಟದ ರಸ್ತೆಗಳಲ್ಲಿ, ಹಿಮ ಮಂಜುಗಡ್ಡೆಗಳ ನಡುವೆ. ಎರಡನೆಯದು ಊರೊಳಗಿನ ಬೀದಿಗಳಲ್ಲೇ, ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ.

ಮಗಳ ಸಂಸಾರ ಇರುವುದು ಅಲ್ಲಿಗೆ ಹತ್ತಿರದ ನೀಸ್ ನಗರದ ಆಚೆ. ಕಳೆದ ಏಪ್ರಿಲ್‌ನಲ್ಲಿ ನಾನೂ ನನ್ನಾಕೆಯೂ ಅಲ್ಲಿದ್ದಾಗ ಮನೆಯಲ್ಲಿ ದಿನವೂ ಒಂದೇ ತಗಾದೆ. ಅಳಿಯಂದಿರು ಫಾರ್ಮುಲಾ ಒನ್ ಭಕ್ತರು. ಹನ್ನೆರಡು ವರ್ಷದ ಮೊಮ್ಮಗ ಪುಟ್ಟನಿಗೆ ರ‍್ಯಾಲಿಯ ಹುಚ್ಚು. ರಜೆಯಲ್ಲಿ ಗೋ-ಕಾರ್ಟ್ ಓಡಿಸಲು ಕಲಿಯುತ್ತಿದ್ದಾನೆ ಬೇರೆ. "ಅದೇ ರಸ್ತೆಯಲ್ಲಿ ಸುತ್ತೋದು ಏನು ಮಹಾ ಅಪ್ಪ?" ಎಂದು ಅವನು ಕೆಣಕುವುದು, "ಹಾಗಾದರೆ ಒಂದು ಸುತ್ತು ಹೊಡೆದು ತೋರಿಸು" ಎಂದು ಇವರು ಹೇಳುವುದು. ಮಗಳ ಮಾತು ಒಂದೇ: "ಎರಡೂ ಬೇಡ. ಮುಂದಿನ ವರ್ಷ ಕಾರ್ಟೂ ಬೇಡ." ಕೊನೆಗೆ "ಅಜ್ಜ ಹೇಳಲಿ" ಎಂದು ಪಂಚಾಯ್ತಿ ನನ್ನ ಮುಂದೆ ಬಂತು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ವೋಚರ್ ನೋಡದೆ ಸಹಿ ಹಾಕುವವನಲ್ಲ. ಎರಡೂ ರಸ್ತೆ ನೋಡೋಣ, ಆಮೇಲೆ ಮಾತು ಎಂದೆ.

ಮೊದಲು ಊರೊಳಗಿನದು. ಮೊನಾಕೊ ಸರ್ಕ್ಯೂಟ್ 3.337 ಕಿಲೋಮೀಟರ್, ತಿರುವು 19. ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ಬಸ್ಸು, ಸ್ಕೂಟರು, ತರಕಾರಿ ಚೀಲ ಹಿಡಿದ ಹೆಂಗಸರು. ನಾವು ಹೋದಾಗ ರೇಸಿಗಾಗಿ ಬೀದಿಯ ಎರಡೂ ಬದಿಗೆ ಕಬ್ಬಿಣದ ತಡೆಬೇಲಿ ನಿಲ್ಲಿಸುತ್ತಿದ್ದರು. ಒಂದರ ಮೇಲೊಂದು ಮೂರು ಪಟ್ಟಿ, ಹಿಂದೆ ತಂತಿಬಲೆ. ಸಂತ ದೆವೋತ್ ಎಂಬ ಪುಟ್ಟ ಚರ್ಚಿನ ಮುಂದೆ ಮೊದಲ ತಿರುವು. ಅಲ್ಲೇ ಬುಗಾಟಿ ಕಾರಿನಲ್ಲಿ ಕೂತ ಒಬ್ಬನ ಪ್ರತಿಮೆಯಿದೆ. 1929ರ ಮೊದಲ ರೇಸು ಗೆದ್ದ ವಿಲಿಯಂ ಗ್ರೋವರ್-ವಿಲಿಯಮ್ಸ್ ಅವನು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತಚರನಾಗಿ ಜರ್ಮನರ ಕೈಗೆ ಸಿಕ್ಕಿ ಪ್ರಾಣ ಕೊಟ್ಟ.

ಅಲ್ಲಿಂದ ಏರು. ಕ್ಯಾಸಿನೊ ಚೌಕ, ಮತ್ತೆ ಇಳಿಜಾರು. ಒಂದು ದೊಡ್ಡ ಹೋಟೆಲಿನ ಮಗ್ಗುಲಲ್ಲಿ ಹೇರ್‌ಪಿನ್ ತಿರುವು. ಆಗುಂಬೆ ಘಾಟಿಯಲ್ಲಿ ಬಸ್ಸು ಹಿಮ್ಮುರಿದು ತಿರುಗುತ್ತದಲ್ಲ, ಹಾಗೆ. ಇಡೀ ಫಾರ್ಮುಲಾ ಒನ್ನಿನಲ್ಲೇ ಇಷ್ಟು ನಿಧಾನದ ತಿರುವು ಇನ್ನೊಂದಿಲ್ಲ, ಕಾರಿನ ವೇಗ 50 ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಇದೊಂದು ತಿರುವಿಗಾಗಿಯೇ ಸ್ಟಿಯರಿಂಗ್ ಹೆಚ್ಚು ತಿರುಗುವಂತೆ ತಂಡದವರು ಕಾರನ್ನು ಬದಲಿಸಿಕೊಂಡು ಬರುತ್ತಾರೆ. ಅದು ಕಳೆದ ಸ್ವಲ್ಪ ಹೊತ್ತಿಗೇ ಸುರಂಗ. ಬಿಸಿಲಿನಿಂದ ಕತ್ತಲಿಗೆ, ಕತ್ತಲಿನಿಂದ ಬಿಸಿಲಿಗೆ, ಅದೂ 290 ಕಿಲೋಮೀಟರಿನ ಹತ್ತಿರದ ವೇಗದಲ್ಲಿ. ನಾವು ನಡೆದು ಹೊರಬರುವಾಗಲೇ ನನ್ನ ಕಣ್ಣು ಕುಕ್ಕಿತು.

ನಮಗೆ ಒಂದು ಸುತ್ತಿಗೆ ಒಂದೂವರೆ ಗಂಟೆ ಹಿಡಿಯಿತು. ಕುಳಿತದ್ದು, ಐಸ್‌ಕ್ರೀಂ ತಿಂದದ್ದು ಸೇರಿ. ಅವರಿಗೆ ಅದು ಒಂದು ನಿಮಿಷ ಹತ್ತು ಸೆಕೆಂಡಿನ ಮಾತು. ಹಾಗೆ 78 ಸುತ್ತು. ಒಟ್ಟು 1,482 ತಿರುವು ಎಂದು ನಾನು ಗುಣಿಸಿ ಹೇಳಿದೆ. ಪುಟ್ಟ ಬಾಯಿ ಮುಚ್ಚಿಕೊಂಡ. ತಡೆಬೇಲಿಗೂ ಚಕ್ರಕ್ಕೂ ನಡುವೆ ಎಷ್ಟೋ ಕಡೆ ಬೆರಳು ತೂರುವಷ್ಟೇ ಜಾಗ. ಬೇರೆ ಸರ್ಕ್ಯೂಟುಗಳಲ್ಲಿ ಕೈ ತಪ್ಪಿದರೆ ಪಕ್ಕದಲ್ಲಿ ಬಯಲಿರುತ್ತದೆ, ಮರಳಿರುತ್ತದೆ. ಇಲ್ಲಿ ಗೋಡೆ. ಎಪ್ಪತ್ತೇಳು ಸುತ್ತು ಸರಿಯಾಗಿ ಹೋಗಿ ಎಪ್ಪತ್ತೆಂಟನೆಯದರಲ್ಲಿ ಒಂದು ಅಂಗುಲ ತಪ್ಪಿದರೂ ಮುಗಿಯಿತು. ಇಲ್ಲಿ ಆರು ಸಲ ಗೆದ್ದ ಆಯರ್ಟನ್ ಸೆನ್ನಾ ಕೂಡ 1988ರಲ್ಲಿ ಎಲ್ಲರಿಗಿಂತ ಬಲು ಮುಂದಿದ್ದವನು ಸುರಂಗಕ್ಕೆ ಮುಂಚಿನ ತಿರುವಿನಲ್ಲಿ ಬೇಲಿಗೆ ಬಡಿದು ರೇಸು ಕಳೆದುಕೊಂಡ.

ಅಪಾಯ? ಹಿಂದೆ ಬೇಕಾದಷ್ಟಿತ್ತು. 1955ರಲ್ಲಿ ಅಲ್ಬೆರ್ಟೊ ಅಸ್ಕಾರಿ ಕಾರಿನ ಸಮೇತ ಬಂದರಿನ ನೀರಿಗೆ ಬಿದ್ದ, ಈಜಿ ಮೇಲೆ ಬಂದ. 1967ರಲ್ಲಿ ಲೊರೆಂಜೊ ಬಂದೀನಿಯ ಕಾರು ಬಂದರಿನ ಬಳಿ ಮಗುಚಿ, ಅಂಚಿಗಿಟ್ಟಿದ್ದ ಹುಲ್ಲಿನ ಪಿಂಡಿಗಳಿಗೆ ಬೆಂಕಿ ಹತ್ತಿ, ಮೂರು ದಿನದ ಮೇಲೆ ಆತ ತೀರಿಕೊಂಡ. ಆಮೇಲೆ ಹುಲ್ಲಿನ ಪಿಂಡಿ ಹೋಯಿತು, ಕಬ್ಬಿಣದ ಬೇಲಿ ಬಂತು. ಹೆಜ್ಜೆಹೆಜ್ಜೆಗೆ ಬೆಂಕಿ ಆರಿಸುವವರು, ಕಾರು ಎತ್ತುವ ಕ್ರೇನು, ಮೊದಲ ಸುತ್ತಿನಲ್ಲಿ ಹಿಂದೆಯೇ ಬರುವ ಡಾಕ್ಟರರ ಕಾರು ಬಂದವು. 2018ರಿಂದ ಚಾಲಕನ ತಲೆಯ ಸುತ್ತ ಹೇಲೊ ಎಂಬ ಲೋಹದ ಕಮಾನೂ ಬಂತು. ನಮ್ಮ ಚೆನ್ನೈನ ಕರುಣ್ ಚಾಂಡೋಕ್ 2010ರಲ್ಲಿ ಇಲ್ಲಿ ಓಡಿಸುವಾಗ ಅದಿರಲಿಲ್ಲ. ಲಾ ರಾಸ್ಕಾಸ್ ತಿರುವಿನಲ್ಲಿ ಹಿಂದಿನ ಕಾರೊಂದು ಹತ್ತಿ ಅವರ ತಲೆಯ ಮೇಲಿನಿಂದಲೇ ಹಾದುಹೋಯಿತು. ಕೂದಲೆಳೆಯಲ್ಲಿ ಉಳಿದರು. ಬಂದೀನಿಯ ನಂತರ ಈ ಊರಿನ ಫಾರ್ಮುಲಾ ಒನ್ ರೇಸಿನಲ್ಲಿ ಒಬ್ಬ ಚಾಲಕನೂ ಸತ್ತಿಲ್ಲ. ಮೂರೂಕಾಲು ಕಿಲೋಮೀಟರ್ ಆದ್ದರಿಂದ ಇಂಚಿಂಚಿಗೂ ಕಾವಲು ಹಾಕಬಹುದು.

ಮರುವಾರ ಬೆಟ್ಟ. ಅಳಿಯಂದಿರ ಕಾರಿನಲ್ಲಿ ಐದೂ ಜನ. ಕರಾವಳಿ ಬಿಟ್ಟು ಸೊಸ್ಪೆಲ್ ಎಂಬ ಹಳ್ಳಿ ದಾಟಿದ ಮೇಲೆ ರಸ್ತೆ ಒಂದು ಕಣಿವೆಯೊಳಕ್ಕೆ ನುಗ್ಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಏನೂ ಇಲ್ಲ. ನನ್ನಾಕೆ ಕಣ್ಣು ಮುಚ್ಚಿ ಹನುಮಾನ್ ಚಾಲೀಸಾ ಶುರುಮಾಡಿದಳು. ಮುಂದೆ ಮೂಲಿನೆ ಹಳ್ಳಿ, ಆಮೇಲೆ ಪೈನ್ ಕಾಡು, ತಿರುವಿನ ಮೇಲೆ ತಿರುವು, 1607 ಮೀಟರ್ ಎತ್ತರದಲ್ಲಿ ಕೋಲ್ ದ ತುರಿನಿ ಎಂಬ ಕಣಿವೆಬಾಯಿ. ಮೂರು ರಸ್ತೆ ಕೂಡುವ ಜಾಗ, ಒಂದೆರಡು ಹೋಟೆಲು, ಅಷ್ಟೇ. ಏಪ್ರಿಲ್ ಆದರೂ ಮರದ ನೆರಳಿನಲ್ಲಿ ಕೊಳೆ ಹಿಡಿದ ಹಿಮ ಉಳಿದಿತ್ತು. ಮಾಂಟೆ ಕಾರ್ಲೊ ರ‍್ಯಾಲಿಯ ಅತ್ಯಂತ ಹೆಸರಾದ ರಸ್ತೆ ಇದೇ. ಹಿಂದೆ ಇದನ್ನು ರಾತ್ರಿಯಲ್ಲಿ ಓಡಿಸುತ್ತಿದ್ದರು. ತುಂಟ ಪ್ರೇಕ್ಷಕರು ಒಣರಸ್ತೆಗೆ ಸಲಿಕೆಯಿಂದ ಹಿಮ ಎಳೆದು ಹಾಕಿ ಮಜಾ ನೋಡುವುದೂ ಉಂಟಂತೆ. ಇದೆಂಥ ಮಜವೋ!

ರ‍್ಯಾಲಿಯಲ್ಲಿ ಒಂದೊಂದೇ ಕಾರು, ಕೆಲವು ನಿಮಿಷದ ಅಂತರದಲ್ಲಿ ಹೊರಡುತ್ತದೆ. ಎದುರಾಳಿ ಕಣ್ಣಿಗೆ ಕಾಣುವುದಿಲ್ಲ, ಗಡಿಯಾರವೇ ಎದುರಾಳಿ. ಕೆಳಗೆ ಒಣ ಟಾರು, ಮಧ್ಯೆ ಒದ್ದೆ, ಮೇಲೆ ಹಿಮ, ನೆರಳಿನ ಮಗ್ಗುಲಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ, ಎಲ್ಲದಕ್ಕೂ ಅದೇ ಟಯರು. ಒಣರಸ್ತೆಯ ಟಯರು ಹಾಕಿಕೊಂಡರೆ ಮೇಲೆ ಜಾರುತ್ತದೆ. ಮೊಳೆಯ ಟಯರು ಹಾಕಿಕೊಂಡರೆ ಕೆಳಗೆ ಹಿಡಿತವಿಲ್ಲ. ಓಟಕ್ಕೆ ಮುಂಚೆ ಚಾಲಕನಿಗೆ ರಸ್ತೆ ನೋಡಲು ಸಿಗುವುದು ಎರಡೇ ಸಲ, ಅದೂ ಸಾಧಾರಣ ವೇಗದಲ್ಲಿ. ಆಗ ಪ್ರತಿ ತಿರುವನ್ನೂ ಅಳೆದು ಹೇಳುತ್ತಾನೆ, ಪಕ್ಕದ ಸಹಚಾಲಕ ಬರೆದುಕೊಳ್ಳುತ್ತಾನೆ. ಓಟದ ದಿನ ಆತ ಅದನ್ನು ಓದುತ್ತಾ ಹೋಗಬೇಕು: ಎಡ ಮೂರು, ನೂರು ಮೀಟರ್, ಬಲ ಎರಡು, ಮುಂದೆ ಬಿಗಿ, ಒಳಗೆ ಕಲ್ಲಿದೆ. ಚಾಲಕ ತಿರುವನ್ನು ಕಣ್ಣಿನಿಂದಲ್ಲ, ಕಿವಿಯಿಂದ ನೋಡುತ್ತಾನೆ. ಇಲ್ಲಿನ ರ‍್ಯಾಲಿಗಂತೂ ಇನ್ನೊಂದು ಜೋಡಿ ಒಂದೆರಡು ಗಂಟೆ ಮುಂಚೆ ಹೋಗಿ ಎಲ್ಲೆಲ್ಲಿ ಮಂಜುಗಡ್ಡೆ ಕಟ್ಟಿದೆ ಎಂದು ಗುರುತು ಮಾಡಿ ತರುತ್ತದೆ. ಸೂರ್ಯ ಅಷ್ಟರಲ್ಲಿ ಅದನ್ನು ಕರಗಿಸಿರಲೂಬಹುದು.

ಕಂಪ್ಯೂಟರ್ ಬರುವ ಮುಂಚೆ ನಮ್ಮ ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡುವಾಗ ಒಬ್ಬ ಅಂಕಿ ಕೂಗಬೇಕು, ಇನ್ನೊಬ್ಬ ಟಿಕ್ ಹಾಕಬೇಕು. ಕೂಗುವವನು ಒಂದು ಸಾಲು ಹಾರಿಸಿದರೆ ರಾತ್ರಿ ಹತ್ತಾದರೂ ಲೆಕ್ಕ ಕೂಡುತ್ತಿರಲಿಲ್ಲ. ನಮಗೆ ಹೋಗುತ್ತಿದ್ದದ್ದು ಮನೆಗೆ ಹೋಗುವ ಕೊನೆಯ ಬಸ್ಸು. ಇಲ್ಲಿ ಒಂದು ಸಾಲು ಹಾರಿಸಿದರೆ ಹೋಗುವುದು ಬೇರೆಯೇ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ಆಗುವಾಗ ಕಾರುಗಳ ಕೆಂಪು ಧೂಳು ಕುಡಿದವನು ನಾನು. ಆದರೆ ಆಗ ನನ್ನ ಕಣ್ಣೆಲ್ಲ ಚಾಲಕನ ಮೇಲೆ. ಪಕ್ಕದ ಸೀಟಿನಲ್ಲಿ ತಲೆ ಬಗ್ಗಿಸಿ ಓದುವವನ ಬೆಲೆ ತಿಳಿದದ್ದು ಈ ತುರಿನಿಯ ಮೇಲೆ ನಿಂತಾಗಲೇ. ಒಂಬತ್ತು ಸಲ ವಿಶ್ವ ಚಾಂಪಿಯನ್ ಆದ ಸೆಬಾಸ್ಟಿಯನ್ ಲೋಬ್‌ಗೆ ಆ ಒಂಬತ್ತೂ ಸಲ ಓದಿ ಹೇಳಿದವನು ಡೇನಿಯಲ್ ಎಲೆನಾ, ಇದೇ ಮೊನಾಕೊದಲ್ಲಿ ಹುಟ್ಟಿದವನು. 2022ರಲ್ಲಿ ಲೋಬ್ ತನ್ನ 47ನೆಯ ವಯಸ್ಸಿನಲ್ಲಿ ಮತ್ತೆ ಮಾಂಟೆ ಕಾರ್ಲೊ ಗೆದ್ದಾಗ ಪಕ್ಕದಲ್ಲಿದ್ದವರು ಇಸಬೆಲ್ ಗಾಲ್ಮಿಷ್, ವೃತ್ತಿಯಲ್ಲಿ ಶಾಲೆಯ ಗಣಿತದ ಮೇಡಂ. ಮಕ್ಕಳೇ, ನಿಮ್ಮ ಲೆಕ್ಕದ ಮೇಡಂ ಸೋಮವಾರ ಕ್ಲಾಸಿಗೆ ಬರುವಾಗ ಒಮ್ಮೆ ಯೋಚಿಸಿ ನೋಡಿ!

ಇನ್ನು ಅಪಾಯದ ಲೆಕ್ಕ. ನೂರಾರು ಕಿಲೋಮೀಟರ್ ಬೆಟ್ಟಕ್ಕೆ ಮೂರು ಪಟ್ಟಿಯ ಬೇಲಿ ಹಾಕಲಾಗದು, ಪ್ರತಿ ಮರಕ್ಕೂ ಗಾದಿ ಕಟ್ಟಲಾಗದು. ಕಾರು ಉರುಳಿದರೆ ಮೊದಲು ಬಂದು ನೋಡುವುದು ಹಿಂದಿನಿಂದ ಬರುವ ಸ್ಪರ್ಧಿಯೇ. ಅದಕ್ಕೇ ಪ್ರತಿ ಕಾರಿನಲ್ಲೂ ಒಂದು ಫಲಕ: ಒಂದು ಮಗ್ಗುಲಲ್ಲಿ 'ಓಕೆ', ಇನ್ನೊಂದು ಮಗ್ಗುಲಲ್ಲಿ 'ಎಸ್‌ಒಎಸ್'. ಎಸ್‌ಒಎಸ್ ತೋರಿಸಿದರೆ ಗೆಲ್ಲುವ ಓಟವಾದರೂ ಬಿಟ್ಟು ನಿಲ್ಲಬೇಕು. 1986ರ ಜನವರಿಯಲ್ಲಿ ಮಾಂಟೆ ಕಾರ್ಲೊ ಗೆದ್ದ ಹೆನ್ರಿ ತೊಯ್ವೊನೆನ್, ಸೆರ್ಜಿಯೊ ಕ್ರೆಸ್ತೊ ಜೋಡಿ ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ಕಣಿವೆಗೆ ಉರುಳಿ ಬೆಂಕಿಯಲ್ಲಿ ಸತ್ತರು. ಅದೇ ವರ್ಷ ಪೋರ್ಚುಗಲ್‌ನಲ್ಲಿ ಕಾರೊಂದು ಜನರ ಮೇಲೆ ಹರಿದಿತ್ತು. ಆ ಬಗೆಯ ಕಾರುಗಳನ್ನೇ ಮುಂದಿನ ವರ್ಷದಿಂದ ನಿಲ್ಲಿಸಿದರು.

ರಾಬರ್ಟ್ ಕುಬಿಟ್ಸಾನ ಕಥೆಯನ್ನು ಹೋಟೆಲಿನಲ್ಲಿ ಬಿಸಿ ಸೂಪು ಕುಡಿಯುತ್ತ ಹೇಳಿದವರು ಅಳಿಯಂದಿರು. ಪೋಲೆಂಡಿನವನು. ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ 2008ರಲ್ಲಿ ಎರಡನೆಯವ, 2010ರಲ್ಲಿ ಮೂರನೆಯವ. 2011ರ ಫೆಬ್ರವರಿಯಲ್ಲಿ ಇದೇ ಕರಾವಳಿಯ ಇಟಲಿ ಭಾಗದಲ್ಲಿ, ಅಂದೋರಾ ಎಂಬಲ್ಲಿ, ಒಂದು ಸಣ್ಣ ರ‍್ಯಾಲಿಗೆ ಹೋದ. ರಸ್ತೆಬದಿಯ ತಡೆಬೇಲಿಯ ಪಟ್ಟಿ ಕಾರನ್ನು ಮುಂದಿನಿಂದ ಹಿಂದಕ್ಕೆ ಸೀಳಿಕೊಂಡು ಬಂತು. ಬಲಗೈ ಅರ್ಧ ತುಂಡಾಯಿತು. ಪಕ್ಕದಲ್ಲಿದ್ದ ಸಹಚಾಲಕನಿಗೆ ಹೆಚ್ಚೇನೂ ಆಗಲಿಲ್ಲ. ಮೊನಾಕೊ ಬೀದಿಯಲ್ಲಿ ಪ್ರಾಣ ಕಾಯಲು ನಿಲ್ಲಿಸುವುದೂ ಅದೇ ಕಬ್ಬಿಣದ ಪಟ್ಟಿಯನ್ನೇ, ನೋಡಿ. ಅಲ್ಲಿ ಅದನ್ನು ಓಟಕ್ಕಾಗಿಯೇ ಜೋಡಿಸಿ ಪರೀಕ್ಷಿಸುತ್ತಾರೆ. ಹಳ್ಳಿರಸ್ತೆಯಲ್ಲಿ ಅದು ಇದ್ದ ಹಾಗೆ ಇರುತ್ತದೆ. ಕುಬಿಟ್ಸಾ ಸುಮ್ಮನೆ ಕೂರಲಿಲ್ಲ. 2014ರ ಮಾಂಟೆ ಕಾರ್ಲೊ ರ‍್ಯಾಲಿಯ ಮೊದಲ ಎರಡು ಹಂತಗಳಲ್ಲಿ ಎಲ್ಲರಿಗಿಂತ ವೇಗವಾಗಿ ಬಂದ, ಮುಂದೆ ಒಂದು ಕಡೆ ರಸ್ತೆ ಬಿಟ್ಟು ಹೊರಬಿದ್ದ. 2019ರಲ್ಲಿ ಆ ಸೊಟ್ಟ ಕೈಯಲ್ಲೇ ಫಾರ್ಮುಲಾ ಒನ್ನಿಗೂ ಮರಳಿದ.

ಈ ಕಥೆ ಮುಗಿಯುವ ಹೊತ್ತಿಗೆ ಮಗಳು ಚಮಚ ಕೆಳಗಿಟ್ಟಿದ್ದಳು.

"ಈಗ ಹೇಳು ಅಜ್ಜ" ಎಂದ ಪುಟ್ಟ. ಇಬ್ಬರೂ ಸಮ ಎಂದು ಜಾರಿಕೊಳ್ಳುವುದು ನನಗಾಗದು. ಹೇಳಿದೆ: ಕರಾರುವಾಕ್ಕಿನಲ್ಲಿ ಸರ್ಕ್ಯೂಟಿನವನೇ ಮೇಲು. ಗೊತ್ತಿಲ್ಲದ್ದನ್ನು ಎದುರಿಸುವುದರಲ್ಲಿ ರ‍್ಯಾಲಿಯವನೇ ಮೇಲು. 2007ರ ಫಾರ್ಮುಲಾ ಒನ್ ಚಾಂಪಿಯನ್ ಕಿಮಿ ರೈಕೊನೆನ್ ಎರಡು ವರ್ಷ ರ‍್ಯಾಲಿಗೆ ಬಂದು ಐದನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಲೋಬ್ 2008ರಲ್ಲಿ ಬಾರ್ಸಿಲೋನಾದಲ್ಲಿ ಫಾರ್ಮುಲಾ ಒನ್ ಕಾರಿನ ಪರೀಕ್ಷೆಗೆ ಕೂತಾಗ ಹದಿನೇಳು ಮಂದಿಯಲ್ಲಿ ಎಂಟನೆಯವನಾದ. ನನ್ನ ಅಂಕ ಕೂದಲೆಳೆಯಷ್ಟು ರ‍್ಯಾಲಿಗೆ. ಅಪಾಯದ ಮಾತಿಗೆ ಬಂದರೆ ಕೂದಲೆಳೆಯ ಪ್ರಶ್ನೆಯೇ ಇಲ್ಲ, ರ‍್ಯಾಲಿಯದು ಬಹಳ ಹೆಚ್ಚು. ಎರಡನ್ನೂ ಗೆದ್ದವನೂ ಒಬ್ಬನಿದ್ದ: ಮೊನಾಕೊದವನೇ ಆದ ಲೂಯಿ ಶಿರೋನ್. ಗ್ರ್ಯಾನ್ ಪ್ರಿ 1931ರಲ್ಲಿ, ರ‍್ಯಾಲಿ 1954ರಲ್ಲಿ. ಮಾರನೆಯ ವರ್ಷ 55ರ ವಯಸ್ಸಿನಲ್ಲಿ ಮತ್ತೆ ಗ್ರ್ಯಾನ್ ಪ್ರಿ ಓಡಿಸಿ ಆರನೆಯವನಾದ. ಈ ಸುದ್ದಿ ನನಗೇ ಹೆಚ್ಚು ಖುಷಿ ಕೊಟ್ಟಿತೆನ್ನಿ.

"ಅಪಾಯ ಹೆಚ್ಚು ಅಂತ ನೀವೇ ಹೇಳಿದಿರಲ್ಲ ಅಪ್ಪ" ಎಂದಳು ಮಗಳು. ಹೌದು ಎಂದೆ. ಕಾರ್ಟಿನ ವಿಷಯ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಳಿಯುವಾಗ ಪುಟ್ಟ ಮುಂದಿನ ಸೀಟಿನಲ್ಲಿ ನೋಟುಬುಕ್ಕು ಹಿಡಿದು ಕೂತ. ಹತ್ತುವಾಗ ಪ್ರತಿ ತಿರುವನ್ನೂ ಬರೆದಿಟ್ಟುಕೊಂಡಿದ್ದನಂತೆ. ಅಳಿಯಂದಿರು ಮೂವತ್ತರ ವೇಗದಲ್ಲಿ ಹೊರಟರು. "ಎಡ ಎರಡು!" ಎಂದು ಕೂಗಿದ. ರಸ್ತೆ ಬಲಕ್ಕೆ ತಿರುಗಿತು. "ಬಲ ಒಂದು!" ರಸ್ತೆ ಎಡಕ್ಕೆ ಹೋಯಿತು. ಅವನ ಕಿವಿ ಕೆಂಪಾಯಿತು. ಹಿಂದಿನ ಸೀಟಿನಿಂದ ಮಗಳು ಮುಂದಕ್ಕೆ ಬಾಗಿ ಪುಸ್ತಕ ನೋಡಿದಳು. "ನೀನು ಬರೆದದ್ದು ಹತ್ತುವಾಗ. ಈಗ ಕೊನೇ ಪುಟದಿಂದ ಓದಬೇಕು ಕಣೋ, ಎಡ ಇದ್ದದ್ದು ಬಲ ಆಗುತ್ತೆ. ಕೊಡಿಲ್ಲಿ" ಎಂದು ಅವನ ಕೈಯಿಂದ ತಗೊಂಡು ತಾನೇ ಓದತೊಡಗಿದಳು. ಸೊಸ್ಪೆಲ್ ಬರುವವರೆಗೂ ಓದಿದಳು. ಒಂದು ಸಾಲೂ ಹಾರಿಸಲಿಲ್ಲ.