ಹತ್ತು ಲಕ್ಷ ಗುಲಾಬಿ ಹೂಗಳು

ಮಕ್ಕಳ ವಿಡಿಯೋ ಆಟವೊಂದನ್ನು ಕುರಿತು ಈ ಪುಟಗಳಲ್ಲಿ ಬರೆಯುವ ಪ್ರಸಂಗ ನಮಗೆ ಒದಗಿಬರುವುದೆಂದು ನಾವು ಕನಸುಮನಸಿನಲ್ಲಿಯೂ ಎಣಿಸಿರಲಿಲ್ಲ. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಂಜರಿಯನ್ನೂ ಕಂಠಪಾಠ ಮಾಡಿ ಬೆಳೆದ ನಮಗೆ ಆಟವೆಂದರೆ ಸಂಜೆಯ ಹೊತ್ತು ಬಯಲಿನಲ್ಲಿ ಆಡಿದ ಚಿಣಿಫಣಿ, ಮಳೆಗಾಲದಲ್ಲಿ ಜಗುಲಿಯ ಮೇಲೆ ಆಡಿದ ಹುಲಿಮನೆ, ಇಷ್ಟೇ. ಪರದೆಯ ಮೇಲಿನ ಆಟವು ಕಾಲಹರಣದ ಸಾಧನವೆಂಬುದು ನಮ್ಮ ದೃಢವಾದ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯದ ಬಲದಿಂದ ನಾವು ಮಾಡಿದ ಒಂದು ಕಾರ್ಯವನ್ನು ಹದಿನೆಂಟು ವರ್ಷಗಳ ತರುವಾಯ ಮರಳಿ ನೋಡಬೇಕಾಗಿ ಬಂದಿತು. ಮನೆಯಲ್ಲಿ ಮಕ್ಕಳಿರುವ ಓದುಗ ಬಂಧುಗಳಿಗೆ ಇದರಿಂದ ಕಿಂಚಿತ್ತಾದರೂ ಉಪಯೋಗವಾದೀತೆಂದು ಬಗೆದು ಇಲ್ಲಿ ನಿವೇದಿಸುತ್ತಿದ್ದೇವೆ.

2006ರ ಬೇಸಿಗೆಯಲ್ಲಿ, ಕೊಲ್ಲಿ ದೇಶದಲ್ಲಿದ್ದ ನಮ್ಮ ಮನೆಯವರ ತಮ್ಮ ಊರಿಗೆ ಬರುವಾಗ ನಮ್ಮ ಮಗನಿಗೆಂದು ಪ್ಲೇಸ್ಟೇಷನ್ 2 ಎಂಬ ಯಂತ್ರವನ್ನೂ ಒಂದೇ ಒಂದು ಆಟದ ಡಿಸ್ಕನ್ನೂ ತಂದುಕೊಟ್ಟಿದ್ದರು. ಆಟದ ಹೆಸರು ‘ವಿ ಲವ್ ಕತಮರಿ’. ನಮ್ಮ ಮನೆಯವರು ಅದನ್ನು ಯಾವುದೋ ಪ್ರಾಣಿಯ ಮರಿಯೆಂದೇ ತಿಳಿದಿದ್ದರು. ಹುಡುಗ ಆಗ ಹತ್ತನೆಯ ಇಯತ್ತೆಯಲ್ಲಿದ್ದ. ಡಿಸೆಂಬರಿನ ಒಂದು ರಾತ್ರಿ, ಪರೀಕ್ಷೆಗೆ ಮೂರೇ ತಿಂಗಳು ಉಳಿದಿರುವಾಗ, ಅವನು ಯಂತ್ರದ ಮುಂದೆ ಕುಳಿತಿರುವುದನ್ನು ಕಂಡು ನಮ್ಮ ಸಹನೆ ಮೀರಿತು. “ಅಪ್ಪಾಜಿ, ಒಂದ ನಿಮಿಷ ತಡೀರಿ, ಲೆಕ್ಕಾ ಉಳಿಸಿ ಬಂದ್ ಮಾಡ್ತೀನಿ” ಎಂದ. ಅದು ನೆವವೆಂದು ಭಾವಿಸಿ ನಾವು ತಂತಿಯನ್ನು ಗೋಡೆಯಿಂದ ಕಿತ್ತೆವು. ಯಂತ್ರವನ್ನು ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿಟ್ಟು ಕೀಲಿ ಹಾಕಿದೆವು. ಹುಡುಗ ಮರುಮಾತಾಡಲಿಲ್ಲ.

ಅವನು ಒಳ್ಳೆಯ ಅಂಕ ಪಡೆದು ತೇರ್ಗಡೆಯಾದ. ನಾವು ನಮ್ಮ ಶಿಸ್ತಿನ ಬಗ್ಗೆ ಹೆಮ್ಮೆಪಟ್ಟುಕೊಂಡೆವು. ಆದರೆ ಅವನು ಆ ಯಂತ್ರವನ್ನು ಮತ್ತೆ ಕೇಳಲಿಲ್ಲ. ನಮ್ಮನ್ನು ಬೇರೆ ಏನನ್ನೂ ಕೇಳಲಿಲ್ಲ. ಓದು ಮುಗಿಯಿತು, ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು, ಮದುವೆಯಾಯಿತು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. “ಆರಾಮದೀರೇನ್ರಿ?” “ಆರಾಮ.” ಅಷ್ಟಕ್ಕೆ ಮಾತು ತೀರಿ, ಫೋನು ಅವನ ತಾಯಿಯ ಕೈಗೆ ಹೋಗುತ್ತಿತ್ತು. ಇದನ್ನು ನಾವು ಗೌರವವೆಂದು ತಿಳಿದಿದ್ದೆವು.

2025ರ ಏಪ್ರಿಲ್ ತಿಂಗಳಲ್ಲಿ ಎಂಟು ವರ್ಷದ ಮೊಮ್ಮಗಳು ಸೂಟಿಗೆಂದು ಧಾರವಾಡಕ್ಕೆ ಬಂದಳು. ಒಂದು ಮಧ್ಯಾಹ್ನ ನಾವು ಕಪಾಟು ತೆರೆದು ಹಸ್ತಪ್ರತಿಯೊಂದನ್ನು ಹುಡುಕುತ್ತಿರುವಾಗ ಆ ಕಪ್ಪು ಪೆಟ್ಟಿಗೆ ಅವಳ ಕಣ್ಣಿಗೆ ಬಿದ್ದಿತು. ಬೇಡವೆನ್ನಲು ನಮ್ಮಲ್ಲಿ ಕಾರಣವಿರಲಿಲ್ಲ. ಹಳೆಯ ಡಬ್ಬಿ ಟಿ.ವಿ. ಇನ್ನೂ ನಡುಮನೆಯಲ್ಲಿತ್ತು. ನೆರೆಮನೆಯ ಹುಡುಗ ಬಂದು ತಂತಿಗಳನ್ನು ಜೋಡಿಸಿಕೊಟ್ಟ. ಯಂತ್ರ ಎಚ್ಚರಗೊಂಡಿತು, ತಾರೀಖು ಮಾತ್ರ ಅದಕ್ಕೆ ಮರೆತುಹೋಗಿತ್ತು.

ಈಗ ಆಟದ ವಿಷಯವನ್ನು ಹೇಳಬೇಕು. ಇದನ್ನು ರೂಪಿಸಿದವರು ಜಪಾನಿನ ಕೇಯ್ತಾ ತಕಾಹಾಶಿ. ಇವರು ಮುಸಾಶಿನೋ ಕಲಾ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದವರು. ವಿದ್ಯಾರ್ಥಿದೆಸೆಯಲ್ಲಿ ಇವರು ಆಡಿನ ಆಕಾರದ ಹೂಕುಂಡವೊಂದನ್ನು ಮಾಡಿದ್ದರಂತೆ. ಗಿಡಕ್ಕೆ ಹಾಕಿ ಹೆಚ್ಚಾದ ನೀರು ಆ ಆಡಿನ ಕೆಚ್ಚಲಿನಿಂದ ಸೋರುತ್ತಿತ್ತು. ಇಂಥ ವಿನೋದಬುದ್ಧಿಯ ಶಿಲ್ಪಿ ನಾಮ್ಕೊ ಎಂಬ ಸಂಸ್ಥೆಯನ್ನು ಸೇರಿ, 2004ರ ಮಾರ್ಚಿನಲ್ಲಿ ‘ಕತಮರಿ ದಮಶೀ’ ಎಂಬ ಮೊದಲ ಆಟವನ್ನು ಹೊರತಂದರು. ಜಪಾನೀ ಭಾಷೆಯಲ್ಲಿ ಕತಮರಿ ಎಂದರೆ ಉಂಡೆ, ಗಡ್ಡೆ. ತಮಶೀ ಎಂದರೆ ಆತ್ಮ. ಈ ಎರಡು ಪದಗಳನ್ನು ಬರೆಯುವ ಚಿತ್ರಾಕ್ಷರಗಳು ನೋಡಲು ಒಂದನ್ನೊಂದು ಹೋಲುವುದೂ ಒಂದು ಸ್ವಾರಸ್ಯ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ವಿಡಿಯೋ ಆಟಗಳನ್ನು ಸಂಗ್ರಹಿಸಲು ತೊಡಗಿದಾಗ ಮೊದಲು ಆರಿಸಿಕೊಂಡ 14 ಆಟಗಳಲ್ಲಿ ಇದೂ ಒಂದು.

ಕಥೆ ಹೀಗಿದೆ. ಸಮಸ್ತ ಬ್ರಹ್ಮಾಂಡದ ಅರಸನೊಬ್ಬ ಮದ್ಯದ ಅಮಲಿನಲ್ಲಿ ಆಕಾಶದ ನಕ್ಷತ್ರಗಳನ್ನೆಲ್ಲ ಹಾಳುಮಾಡುತ್ತಾನೆ. ಅವುಗಳನ್ನು ಮತ್ತೆ ನಿರ್ಮಿಸುವ ಹೊಣೆ ಬೀಳುವುದು ಐದು ಸೆಂಟಿಮೀಟರ್ ಎತ್ತರದ ರಾಜಕುಮಾರನ ಮೇಲೆ. ಅವನು ಅಂಟುಗುಣವುಳ್ಳ ಚೆಂಡೊಂದನ್ನು ಭೂಮಿಯ ಮೇಲೆ ಉರುಳಿಸುತ್ತ ಹೋಗುತ್ತಾನೆ. ಹಾದಿಯಲ್ಲಿದ್ದುದೆಲ್ಲ ಚೆಂಡಿಗೆ ಅಂಟುತ್ತದೆ. ಚೆಂಡು ದೊಡ್ಡದಾದ ಮೇಲೆ ಅದೇ ನಕ್ಷತ್ರವಾಗುತ್ತದೆ. ಅಪ್ಪ ಕೆಡಿಸಿದ್ದನ್ನು ಮಗ ಕಟ್ಟಬೇಕು! ಮೊಮ್ಮಗಳು ಇದನ್ನು ನಗುತ್ತ ಹೇಳಿದಳು, ನಾವೂ ನಕ್ಕೆವು.

ಈ ಆಟಕ್ಕೆ ಉತ್ತರಭಾಗವನ್ನು ರಚಿಸಲು ತಕಾಹಾಶಿಯವರಿಗೆ ಮನಸ್ಸಿರಲಿಲ್ಲ. ಮಾಡಿದ್ದನ್ನೇ ಮತ್ತೆ ಮಾಡುವುದು ಅವರಿಗೆ ರುಚಿಸದು. ಆದರೂ ಕೈಗೆತ್ತಿಕೊಂಡು, 2005ರಲ್ಲಿ ಹೊರಬಂದ ಆ ಉತ್ತರಭಾಗಕ್ಕೆ ಚಮತ್ಕಾರದ ವಸ್ತುವೊಂದನ್ನು ಹೊಂದಿಸಿದರು. ಮೊದಲ ಆಟವನ್ನು ಮೆಚ್ಚಿದ ಅಭಿಮಾನಿಗಳೇ ಇದರಲ್ಲಿ ಪಾತ್ರಗಳು. ಅವರು ಬಂದು ಅರಸನ ಮುಂದೆ ಕೋರಿಕೆಗಳನ್ನಿಡುತ್ತಾರೆ. ರಾತ್ರಿ ಓದಲು ಬೆಳಕು ಬೇಕೆನ್ನುವ ವಿದ್ಯಾರ್ಥಿಗಾಗಿ ಮಿಣುಕುಹುಳುಗಳನ್ನು ಕೂಡಿಸಬೇಕು. ಹಿಮದ ಬೊಂಬೆಗೆ ತಲೆ ಬೇಕೆಂದರೆ ಹಿಮದ ಉಂಡೆಯನ್ನು ಉರುಳಿಸಬೇಕು. ಸುಮೋ ಮಲ್ಲನೊಬ್ಬನನ್ನು ತಿಂಡಿತಿನಿಸುಗಳ ಮೇಲೆ ಉರುಳಿಸಿ ಕೊಬ್ಬಿಸಿ, ಎದುರಾಳಿಯ ಮೇಲೆ ನೂಕಬೇಕು. ಇನ್ನೊಂದೆಡೆ ಚೆಂಡೇ ಹೊತ್ತಿ ಉರಿಯುತ್ತಿರುತ್ತದೆ; ಸುಡುವ ವಸ್ತುಗಳನ್ನು ಕೂಡಿಸುತ್ತ, ಬೆಂಕಿ ಆರದಂತೆ ನೋಡಿಕೊಂಡು ಸೌದೆಯ ರಾಶಿಗೆ ಮುಟ್ಟಿಸಬೇಕು.

ಆಟದ ರೀತಿಯಂತೂ ಅತ್ಯಂತ ಸರಳ. ಕೈಯಲ್ಲಿ ಹಿಡಿಯುವ ಸಾಧನದ ಮೇಲೆ ಹೆಬ್ಬೆರಳಿನಿಂದ ಆಡಿಸುವ ಎರಡು ಪುಟ್ಟ ಕಡ್ಡಿಗಳಿವೆ. ಎರಡನ್ನೂ ಮುಂದಕ್ಕೊತ್ತಿದರೆ ಚೆಂಡು ಮುಂದೆ ಹೋಗುತ್ತದೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಒತ್ತಿದರೆ ತಿರುಗುತ್ತದೆ. ನಿಯಮ ಒಂದೇ: ಚೆಂಡಿಗಿಂತ ಚಿಕ್ಕದಾದುದು ಮಾತ್ರ ಅಂಟುತ್ತದೆ. ದೊಡ್ಡದಕ್ಕೆ ಡಿಕ್ಕಿ ಹೊಡೆದರೆ ಅಂಟಿದ್ದೂ ಕಳಚಿ ಬೀಳುತ್ತದೆ. ಮೊದಲು ಗುಂಡುಪಿನ್ನು, ಆಮೇಲೆ ಪೆನ್ಸಿಲು, ಆಮೇಲೆ ಬೆಕ್ಕು, ಆಮೇಲೆ ಸೈಕಲ್ಲು, ಕಡೆಗೆ ಮನೆ. ಇದನ್ನು ನೋಡುತ್ತ ನಮಗೆ ಪಾಠಶಾಲೆಯ ದಿನಗಳ ನೆನಪಾಯಿತು. ಶಬ್ದರೂಪಗಳು ಬಾಯಿಗೆ ಬರುವ ಮುನ್ನವೇ ರಘುವಂಶಕ್ಕೆ ಕೈಹಾಕಿ, ಮೊದಲ ಸರ್ಗದಲ್ಲಿಯೇ ಮುಗ್ಗರಿಸಿ, ಕಲಿತಿದ್ದ ಅಷ್ಟಿಷ್ಟು ಧೈರ್ಯವನ್ನೂ ಕಳೆದುಕೊಂಡಿದ್ದೆವು. ಗುರುಗಳು ಬೈಯಲಿಲ್ಲ. ಮತ್ತೆ ರಾಮಶಬ್ದದಿಂದ ಆರಂಭಿಸೆಂದರು. ಕಾಲಹರಣವೆಂದು ನಾವು ಜರೆದ ಆಟದಲ್ಲಿ ನಮ್ಮ ಗುರುಗಳ ಪಾಠಕ್ರಮವೇ ಇರುವುದನ್ನು ಕಂಡು ಸಂಕೋಚವೆನಿಸಿತು.

ಅರಸನ ಮಾತಿನ ಧಾಟಿಯೂ ಗಮನಾರ್ಹ. ಇಂಗ್ಲಿಷ್ ಆವೃತ್ತಿಯಲ್ಲಿ ಅವನು ತನ್ನನ್ನು ‘ನಾವು’ ಎಂದೇ ಕರೆದುಕೊಳ್ಳುತ್ತಾನೆ. ಮಗ ಎಷ್ಟು ದೊಡ್ಡ ಚೆಂಡು ತಂದರೂ ಕೊಂಕು ತೆಗೆಯುತ್ತಾನೆ. ಪರದೆಯ ಮೇಲಿನ ಮಾತನ್ನು ಓದಿ ಹೇಳುತ್ತಿದ್ದ ಮೊಮ್ಮಗಳು ತಟ್ಟನೆ ನಮ್ಮ ಕಡೆ ತಿರುಗಿ, “ಅಜ್ಜಾ, ಈ ರಾಜಾನೂ ನಿಮ್ಮಂಗ ‘ನಾವು, ನಾವು’ ಅಂತಾನ ನೋಡ್ರಿ!” ಎಂದಳು. ಅಡಿಗೆಮನೆಯಿಂದ ನಮ್ಮ ಮನೆಯವರು ನಕ್ಕದ್ದು ಕೇಳಿಸಿತು.

ಉತ್ತರಭಾಗದಲ್ಲಿ ಆಟದ ನಡುನಡುವೆ ಆ ಅರಸನ ಬಾಲ್ಯದ ಚಿತ್ರಗಳು ಬರುತ್ತವೆ. ಅವನಿಗೂ ಕಠೋರನಾದ ತಂದೆಯಿದ್ದ. ಹುಡುಗ ಮುಷ್ಟಿಯುದ್ಧ ಕಲಿಯಬೇಕು, ಗೆಲ್ಲಬೇಕು. ತಂದೆಯೊಡನೆ ವಿರಸ ಬೆಳೆದು ಅವನು ಮನೆ ಬಿಟ್ಟು ಹೋಗುತ್ತಾನೆ. ಮುಂದೆ ರಾಣಿಯಾಗುವವಳನ್ನು ಸಂಧಿಸುತ್ತಾನೆ. ಕಾಲಾಂತರದಲ್ಲಿ ತಂದೆಮಕ್ಕಳು ಮತ್ತೆ ಒಂದಾಗುತ್ತಾರೆ. 2023ರಲ್ಲಿ ಈ ಆಟದ ಹೊಸ ಆವೃತ್ತಿ ಬಂದಾಗ, ಬಾಲಕನಾಗಿದ್ದ ಆ ಅರಸನನ್ನೇ ಆಡಿಸುವ ಕೆಲವು ಹೊಸ ಭಾಗಗಳನ್ನೂ ಸೇರಿಸಿದ್ದಾರೆ. ನಗಿಸುವುದಕ್ಕೆಂದು ಕಟ್ಟಿದ ಕಥೆಯಲ್ಲಿ ಇಷ್ಟು ಗಾಂಭೀರ್ಯವಿರುವುದನ್ನು ನಾವು ನಿರೀಕ್ಷಿಸಿರಲಿಲ್ಲ.

ನಮ್ಮ ಪಾಲಿಗೆ ಬಂದ ಪರೀಕ್ಷೆ ಇನ್ನು ಮುಂದಿನದು. ಕಥೆ ಮುಗಿದವರಿಗೆ ಈ ಆಟದಲ್ಲಿ ಇನ್ನೊಂದು ಕೆಲಸ ತೆರೆಯುತ್ತದೆ. ಹತ್ತು ಲಕ್ಷ ಗುಲಾಬಿ ಹೂಗಳನ್ನು ಕೂಡಿಸಬೇಕು. ಅದಕ್ಕೆ ಕಾಲದ ಮಿತಿಯಿಲ್ಲ. ಇಂದು ಒಂದಿಷ್ಟು, ನಾಳೆ ಒಂದಿಷ್ಟು. ಉಳಿಸಿದ ಲೆಕ್ಕ ಮೆಮರಿ ಕಾರ್ಡೆಂಬ ಪುಟ್ಟ ಬಿಲ್ಲೆಯಲ್ಲಿ ಇರುತ್ತದೆ. ಮೊಮ್ಮಗಳು ಅದನ್ನು ತೆರೆದಾಗ ಪರದೆಯ ಮೇಲೆ ಒಂದು ಸಂಖ್ಯೆ ಮೂಡಿತು: 3,12,468. “ಇಷ್ಟು ಹೂವಾ ಯಾರು ಆರಿಸ್ಯಾರ್ರಿ, ಅಜ್ಜಾ?”

“ನಿಮ್ಮಪ್ಪ” ಎಂದೆವು. ಮುಂದೆ ಮಾತು ಹೊರಡಲಿಲ್ಲ.

ಲೆಕ್ಕ ಉಳಿಸುತ್ತೇನೆಂದು ಹುಡುಗ ಅಂದು ಹೇಳಿದ್ದು ನೆವವಾಗಿರಲಿಲ್ಲ. ಹದಿನೈದರ ಬಾಲಕನೊಬ್ಬ ದಿನವೂ ಒಂದಿಷ್ಟು ಹೂವನ್ನು ಆರಿಸಿ, ಎಣಿಸಿ, ಜೋಪಾನವಾಗಿಟ್ಟ ಲೆಕ್ಕವದು. ಅದನ್ನು ನಾವು ಒಂದು ನಿಮಿಷವೂ ಕಾಯದೆ ಗೋಡೆಯಿಂದ ಕಿತ್ತಿದ್ದೆವು. ಓದಿನ ಹೊತ್ತಿನಲ್ಲಿ ಓದೆಂದು ಹೇಳಿದ್ದು ತಪ್ಪಲ್ಲ. ಇಂದಿಗೂ ನಾವು ಹಾಗೆಯೇ ಹೇಳುವೆವು. ಆದರೆ ಅವನು ಏನು ಮಾಡುತ್ತಿದ್ದನೆಂದು ಒಮ್ಮೆಯೂ ಪಕ್ಕದಲ್ಲಿ ಕುಳಿತು ನೋಡಲಿಲ್ಲವಲ್ಲ, ಅದು ತಪ್ಪು.

ಅಂದಿನಿಂದ ಸಂಜೆಗೆ ಅರ್ಧ ಗಂಟೆ ನಾವೂ ಮೊಮ್ಮಗಳೂ ಹೂ ಆರಿಸತೊಡಗಿದೆವು. ಎರಡೂ ಕಡ್ಡಿಗಳನ್ನು ಏಕಕಾಲಕ್ಕೆ ಆಡಿಸಲು ನಮ್ಮ ಬೆರಳು ಒಗ್ಗಲಿಲ್ಲ. ಆದ್ದರಿಂದ ಎಡಗಡ್ಡಿ ಅವಳಿಗೆ, ಬಲಗಡ್ಡಿ ನಮಗೆ ಎಂದು ಹಂಚಿಕೊಂಡೆವು. ಒಬ್ಬರು ಒತ್ತಿ ಇನ್ನೊಬ್ಬರು ಸುಮ್ಮನಿದ್ದರೆ ಚೆಂಡು ಇದ್ದಲ್ಲಿಯೇ ಸುತ್ತುತ್ತದೆ. “ಅಜ್ಜಾ, ನನ್ನ ಜೋಡೀನ ಒತ್ತರಿ, ಮುಂದ ಹೋಗಬ್ಯಾಡ್ರಿ” ಎಂದು ಅವಳು ಗದರಿಸುತ್ತಿದ್ದಳು. ಅರವತ್ತು ದಾಟಿದ ಮೇಲೆ ನಮ್ಮನ್ನು ಹೀಗೆ ತಿದ್ದಿದವರು ಅವಳೊಬ್ಬಳೇ.

ಮೇ ತಿಂಗಳ ಕೊನೆಯಲ್ಲಿ ಮಗಳನ್ನು ಕರೆದೊಯ್ಯಲು ಮಗ ಬಂದ. ನಡುಮನೆಯ ಹೊಸ್ತಿಲಲ್ಲಿಯೇ ನಿಂತು ಟಿ.ವಿ. ಕಡೆ ನೋಡಿದ. ಬಹಳ ಹೊತ್ತು ನೋಡಿದ. “ಮೂರು ಲಕ್ಷ ಹನ್ನೆರಡು ಸಾವಿರ ಇತ್ತಲ್ಲ” ಎಂದ. ಹದಿನೆಂಟು ವರ್ಷಗಳ ಮೇಲೂ ಆ ಸಂಖ್ಯೆ ಅವನ ನೆನಪಿನಲ್ಲಿತ್ತು. ಆಮೇಲೆ ಮೆಲ್ಲಗೆ, “ಆವತ್ತಿಂದು ಅದರಾಗ ಇಲ್ಲ” ಎಂದ.

ಮೊಮ್ಮಗಳು ಅಜ್ಜಿಯ ಬಳಿಗೆ ಓಡಿದ್ದಳು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಸಭೆಗಳಲ್ಲಿ ಗಂಟೆಗಟ್ಟಲೆ ಉಪನ್ಯಾಸ ಮಾಡಿದ ನಮಗೆ ಎರಡು ಪದಗಳನ್ನು ಕೂಡಿಸುವುದು ಕಷ್ಟವಾಯಿತು. ಕಡೆಗೆ, “ತಮ್ಮಾ, ತಪ್ಪು ನಂದು” ಎಂದೆವು. ಬಹುವಚನದಲ್ಲಿ ಹೇಳಬಹುದಾದ ಮಾತು ಅದಾಗಿರಲಿಲ್ಲ.

ಅವನು, “ಇರ್ಲಿ ಬಿಡ್ರಿ ಅಪ್ಪಾಜಿ” ಎಂದ. ಪರಿಹಾರವಾಯಿತೆಂದು ಆ ಒಂದು ಮಾತಿನಿಂದ ನಾವು ತಿಳಿಯಲಾರೆವು. ಆದರೆ ಅವನು ಬಂದು ಚಾಪೆಯ ಮೇಲೆ ನಮ್ಮ ಪಕ್ಕದಲ್ಲಿ ಕುಳಿತ. ಮಗಳು ಬಿಟ್ಟುಹೋದ ಎಡಗಡ್ಡಿಯ ಮೇಲೆ ಹೆಬ್ಬೆರಳಿಟ್ಟ. ಮೊದಮೊದಲು ಚೆಂಡು ಓರೆಯಾಗಿ ಹೋಗಿ ಹೋಗಿ ಗೋಡೆಗೆ ತಾಕಿತು. ಆಮೇಲೆ ಸರಿಯಾಯಿತು. ಚಹಾ ಆರುವವರೆಗೂ ನಾವು ಮಾತಿಲ್ಲದೆ ಹೂ ಆರಿಸಿದೆವು.

ಹೊರಡುವ ದಿನ ಯಂತ್ರವನ್ನು ಒಯ್ಯಲು ಹೇಳಿದೆವು. “ಬ್ಯಾಡ್ರಿ, ಇಲ್ಲೇ ಇರ್ಲಿ. ದೀಪಾವಳಿಗೆ ಬರ್ತೀವಿ” ಎಂದ ಮಗ. ಬಂದದ್ದೂ ಆಯಿತು. ಈಗ ಸಂಖ್ಯೆ ನಾಲ್ಕು ಲಕ್ಷವನ್ನು ದಾಟಿದೆ. ಫೋನಿನ ಮಾತು ಇನ್ನೂ ಉದ್ದವಾಗಿಲ್ಲವಾದರೂ “ಆರಾಮ” ಎಂಬುದರ ಮುಂದೆ ಒಂದೆರಡು ವಾಕ್ಯಗಳು ಕೂಡಿಕೊಂಡಿವೆ. ಚಿಕ್ಕವೇ ಮೊದಲು ಅಂಟಬೇಕೆಂಬ ನಿಯಮವನ್ನು ನಾವು ಈಗ ಬಲ್ಲೆವು, ಆತುರಪಡುವುದಿಲ್ಲ. ಯಂತ್ರವು ಪುಸ್ತಕಗಳ ನಡುವೆ ಅದೇ ಕಪಾಟಿನಲ್ಲಿದೆ. ಕೀಲಿಯನ್ನು ಮಾತ್ರ ನಾವು ಹಾಕುವುದಿಲ್ಲ.