ಬೊಡ್ಡೆಯ ಬೆಲೆ

ಹೈದರಾಬಾದಿನ ಬಡೀ ಚೌಡಿಯ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುವುದನ್ನು ನನಗೆ ಕಲಿಸಿದವರು ಅಪ್ಪ. ತೊಟ್ಟು ನೋಡು, ಅಂಗೈಯಲ್ಲಿಟ್ಟು ತೂಗು, ಬಣ್ಣಕ್ಕೆ ಮರುಳಾಗಬೇಡ. ಇಷ್ಟೇ ಅವರ ಶಾಸ್ತ್ರ. ರಾಯಚೂರಿನಿಂದ ರೈಲ್ವೆ ನೌಕರಿಗೆಂದು ಕಾಚಿಗೂಡಕ್ಕೆ ಬಂದು ಇಲ್ಲೇ ನೆಲೆನಿಂತವರು ಅವರು. ಮಗ ಇದೇ ಶಾಸ್ತ್ರವನ್ನು ಮುಂದೊಂದು ದಿನ ಕುಂಡದ ಮರಗಳ ಮೇಲೆ ಪ್ರಯೋಗಿಸುತ್ತಾನೆಂದು ಗೊತ್ತಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಬೇಯಿಸಿ ತಿನ್ನಲಾಗದ್ದಕ್ಕೆ ಚೌಕಾಶಿ ಯಾತಕ್ಕೆ ಎನ್ನುವ ಪೈಕಿ.

ನನ್ನ ತಾರಸಿಯಲ್ಲಿ ಈಗ ಇಪ್ಪತ್ತಮೂರು ಕುಬ್ಜ ಮರಗಳಿವೆ. ಬೆಳಗಿನ ಜಾವ ವಂದೇ ಭಾರತ್ ಯಶವಂತಪುರಕ್ಕೆ ಹೊರಡುವ ಹೊತ್ತಿಗೆ ನಾನು ಪೈಪು ಹಿಡಿದು ನಿಂತಿರುತ್ತೇನೆ. ಆಲ, ಹುಣಸೆ, ಬೋಗನ್‌ವಿಲ್ಲಾ, ಬಸರಿ. ಇಲ್ಲದ್ದು ಒಂದೇ, ಜಪಾನಿ ಮೇಪಲ್. ಮಗುವಿನ ಅಂಗೈಯಂಥ ಎಲೆ, ಮಾಗಿಗೆ ಮುಂಚೆ ಕುಂಕುಮದ ಬಣ್ಣಕ್ಕೆ ತಿರುಗುವ ಮರ. ದೆಶೋಜೋ ಎಂಬ ತಳಿಯಂತೂ ವಸಂತದ ಚಿಗುರನ್ನೇ ಕೆಂಪಾಗಿ ಬಿಡುತ್ತದೆ. ಪಟಗಳಲ್ಲಿ ನೋಡಿ ನೋಡಿಯೇ ಅರ್ಧ ಆಯುಷ್ಯ ಕಳೆದೆ. ಇಡೀ ಕಾಚಿಗೂಡದಲ್ಲಿ ಮೇಪಲ್ ಬೆಲೆ ಕಟ್ಟಲು ಬರುವುದು ನನ್ನೊಬ್ಬನಿಗೇ ಎಂಬ ಜಂಬವೂ ಇದೆ. ಮೇಪಲ್ಲೇ ಇಲ್ಲದ ಊರಿನಲ್ಲಿ ಈ ವಿದ್ಯೆಗೆ ಪೈಪೋಟಿ ಕಡಿಮೆ.

ಬೆಲೆ ಕಟ್ಟುವವನ ಕಣ್ಣು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಮೊದಲು ಬುಡ. ಬೇರುಗಳು ಸುತ್ತಲೂ ಹರಡಿ ನೆಲವನ್ನು ಹುಲಿಯ ಪಂಜದಂತೆ ಹಿಡಿದಿರಬೇಕು. ಜಪಾನಿಯರು ಇದನ್ನು ನೆಬಾರಿ ಎನ್ನುತ್ತಾರೆ. ಆಮೇಲೆ ಬೊಡ್ಡೆ. ಬುಡದಲ್ಲಿ ದಪ್ಪಗಿದ್ದು ಮೇಲೇರಿದಂತೆ ಸಣ್ಣಗಾಗುತ್ತ ಹೋಗಬೇಕು. ಸಂಗೀತದವರ ಮಾತಿನಲ್ಲಿ ಗೋಪುಚ್ಛ ಯತಿ, ಹಸುವಿನ ಬಾಲದ ಹಾಗೆ. ಬುಡಕ್ಕೂ ತುದಿಗೂ ಒಂದೇ ದಪ್ಪವಿದ್ದರೆ ಅದು ಮರವಲ್ಲ, ಲಟ್ಟಣಿಗೆ. ಟೊಂಗೆ ಇಲ್ಲವೇ? ನಾಲ್ಕು ವರ್ಷ ತಾಳಿದರೆ ಬರುತ್ತದೆ. ಎಲೆ ದೊಡ್ಡದೇ? ಸವರಿ ಸವರಿ ಸಣ್ಣದು ಮಾಡಬಹುದು. ಆದರೆ ತೆಳ್ಳಗಿನ ಬೊಡ್ಡೆಯನ್ನು ಕುಂಡದೊಳಗೆ ದಪ್ಪ ಮಾಡುತ್ತೇನೆಂದರೆ ಉಗುರಿನಿಂದ ಬಾವಿ ತೋಡಿದಂತೆ. ಅದಕ್ಕೇ ಮುಕ್ಕಾಲು ಬೆಲೆ ಬೊಡ್ಡೆಗೆ, ಉಳಿದ ಕಾಲಿನಲ್ಲಿ ಮಿಕ್ಕದ್ದೆಲ್ಲ.

ಮೇಪಲ್‌ನಲ್ಲಿ ಇನ್ನೊಂದು ಗುಟ್ಟಿದೆ, ಕಸಿ. ಚೆಂದದ ತಳಿಗಳನ್ನು ಹೆಚ್ಚಾಗಿ ಸಾದಾ ಸಸಿಯ ಮೇಲೆ ಕಸಿ ಕಟ್ಟಿ ಮಾರುತ್ತಾರೆ. ತೋಟದಲ್ಲಿ ನೆಡುವವನಿಗೆ ಅದು ಲೆಕ್ಕಕ್ಕಿಲ್ಲ. ಗೇಣುದ್ದದ ಮರದಲ್ಲಿ ಮಾತ್ರ ಕಸಿಗಂಟು ಗಂಟಲ ಗಡ್ಡೆಯಂತೆ ಎದ್ದು ಕಾಣುತ್ತದೆ. ಕೆಳಗೊಂದು ತೊಗಟೆ, ಮೇಲೊಂದು ತೊಗಟೆ. ಗಂಟಿದ್ದರೆ ಅರ್ಧ ಬೆಲೆ ಕಳೆಯಬೇಕು. ಗೂಟಿ ಕಟ್ಟಿ ಬೇರು ಬರಿಸಿದ ಗಿಡವಾದರೆ ಸುತ್ತಲೂ ಬೇರು, ಗಂಟಿನ ಗೊಡವೆ ಇಲ್ಲ. ಅದಕ್ಕೆ ನಾಲ್ಕು ಕಾಸು ಹೆಚ್ಚಾದರೂ ಮೋಸವಿಲ್ಲ.

ವಯಸ್ಸನ್ನು ಮಾತ್ರ ನಂಬಬಾರದು. “ಇಪ್ಪತ್ತು ವರ್ಷದ ಮರ ಸಾಬ್” ಎನ್ನುತ್ತಾರೆ. ಇಪ್ಪತ್ತು ವರ್ಷ ಕುಂಡದಲ್ಲಿ ಸುಮ್ಮನೆ ಕೂತದ್ದಕ್ಕೂ ಒಬ್ಬರು ಇಪ್ಪತ್ತು ವರ್ಷ ಕೂತು ಬೆಳೆಸಿದ್ದಕ್ಕೂ ಅಂತರವಿದೆ. ಒಂದೇ ಕುರ್ಚಿಯಲ್ಲಿ ಮೂವತ್ತು ವರ್ಷ ನೌಕರಿ ಮಾಡಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಎಲೆಯನ್ನಂತೂ ಕಟ್ಟಕಡೆಗೆ ನೋಡಬೇಕು, ಅಥವಾ ನೋಡಲೇಬಾರದು. ಟೋಕಿಯೋದ ಉಯೆನೋದಲ್ಲಿ 1934ರಲ್ಲಿ ಶುರುವಾದ ಕೊಕುಫು ಬೋನ್ಸಾಯ್ ಪ್ರದರ್ಶನ ನಡೆಯುವುದು ಫೆಬ್ರವರಿಯಲ್ಲಿ. ಮೇಪಲ್‌ಗಳು ಆಗ ಒಂದೆಲೆಯೂ ಇಲ್ಲದೆ ಬರಿಮೈಯಲ್ಲಿ ನಿಂತಿರುತ್ತವೆ. ಗಾಯ, ಗಂಟು, ಡೊಂಕು, ಯಾವುದನ್ನೂ ಮುಚ್ಚಲು ಆಗ ಚೂರು ಹಸಿರಿಲ್ಲ. ಬಣ್ಣಕ್ಕೆ ಮರುಳಾಗಬೇಡ ಎಂದ ಅಪ್ಪನ ಮಾತನ್ನು ಆ ದೇಶದವರು ತಿಂಗಳು ಗೊತ್ತುಮಾಡಿ ಪಾಲಿಸುತ್ತಾರೆ.

ಇಷ್ಟೆಲ್ಲ ಬಲ್ಲ ನಾನು ಮೊದಲ ಸಲ ಮೇಪಲ್‌ಗೆ ಕೊಟ್ಟ ಬೆಲೆ 199 ರೂಪಾಯಿ. ಅಂಚೆಯಲ್ಲಿ ಬಂದ ಬೀಜದ ಪೊಟ್ಟಣದ ಮೇಲೆ ನೀಲಿ ಎಲೆಯ ಮೇಪಲ್ ಚಿತ್ರ. ಲೋಕದಲ್ಲಿ ನೀಲಿ ಮೇಪಲ್ ಎಂಬುದಿಲ್ಲ. ಅದು ಆಮೇಲೆ ತಿಳಿಯಿತು. ಮೇಪಲ್ ಬೀಜಕ್ಕೆ ಮೂರು ತಿಂಗಳ ಒದ್ದೆ ಚಳಿ ಬೇಕು ಎಂಬುದು ಮಾತ್ರ ನಿಜ. ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಡಬ್ಬಿಯಿಟ್ಟು ಕಾದೆ. ಮೇಪಲ್ ಬೀಜಕ್ಕೆ ರೆಕ್ಕೆಯಿರುತ್ತದೆ, ಡಬ್ಬಿಯಲ್ಲಿದ್ದವು ಸಾಸಿವೆಗಿಂತ ಸಣ್ಣ ಗುಂಡು ಕಾಳು. ಆದರೂ ಆಸೆ. ಬಿತ್ತಿದ ನಾಲ್ಕನೇ ದಿನಕ್ಕೇ ಮೊಳೆತವು. ಹದಿನೈದು ದಿನ ಬಿಟ್ಟು ನನ್ನಾಕೆ ಮೇಲೆ ಬಂದು ಬಗ್ಗಿ ನೋಡಿ, “ಏನ್ರಿ ಇದು, ರಾಜಗಿರಿ ಪಲ್ಯೆ ಅದ” ಎಂದಳು. ಒಂದು ಹೊತ್ತಿನ ಸಾರಿಗೂ ಸಾಲಲಿಲ್ಲ.

ಎರಡನೆಯ ಸಲ ನಿಜವಾದ ಮೇಪಲ್ಲೇ ಎದುರಾಯಿತು, ಒಂದು ಸಸ್ಯಮೇಳದಲ್ಲಿ. ಜನವರಿಯ ಹಿತವಾದ ಬಿಸಿಲು. ಅರ್ಧ ತೋಳಿನೆತ್ತರದ ಗಿಡ, ಎಲೆ ಕೆಂಪು ಕೆಂಪು. ಮಾಲೀಕ ಹೇಳಿದ್ದು ಎಂಟು ಸಾವಿರ. ನಾನು ಮಂಡಿಯೂರಿ ಕೂತೆ. ಬೆರಳಿನಿಂದ ಮಣ್ಣು ಸರಿಸಿದರೆ ಬೇರು ಒಂದೇ ಮಗ್ಗುಲಿಗೆ. ಬೊಡ್ಡೆ ಹೆಬ್ಬೆರಳಿನಷ್ಟು, ನಾಲ್ಕು ಬೆರಳು ಮೇಲೆ ಕಸಿಗಂಟು. ಕುಂಡ ಅಲ್ಲಾಡಿಸಿದರೆ ಗಿಡವೂ ಅಲ್ಲಾಡಿತು, ಮೊನ್ನೆ ಮೊನ್ನೆ ನೆಟ್ಟದ್ದು. ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತ ಕಳೆಯುತ್ತ ಹೋದೆ. ಎಂಟು ಸಾವಿರ ಎರಡಕ್ಕೆ ಇಳಿಯಿತು.

ನಿಜವಾದ ಲೆಕ್ಕ ಅಲ್ಲಿಂದ ಮುಂದೆ. ಮೇಪಲ್‌ಗೆ ವರ್ಷಕ್ಕೊಮ್ಮೆ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ನಿದ್ದೆ ಬೇಕು. ನಮ್ಮ ಹೈದರಾಬಾದಿನ ಡಿಸೆಂಬರ್ ಅಬ್ಬಬ್ಬಾ ಎಂದರೆ ಸ್ವೆಟರ್ ಹೊರಗೆ ತೆಗೆಸುತ್ತದೆ, ಮೇಪಲ್ಲನ್ನು ಮಲಗಿಸುವ ತಾಕತ್ತು ಅದಕ್ಕಿಲ್ಲ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ. ಎಲೆಯಂಚು ಕೆಂಡದ ಮೇಲಿಟ್ಟ ಹಪ್ಪಳದಂತೆ ಸುರುಟುತ್ತದೆ. ಅಂದಮೇಲೆ ಕಾಚಿಗೂಡದಲ್ಲಿ ಅದು ಮರವೇ ಅಲ್ಲ, ಯುಗಾದಿಯವರೆಗೆ ಬಾಳುವ ಹೂಗುಚ್ಛ. ಹೂಗುಚ್ಛಕ್ಕೆ ಎಷ್ಟು ಕೊಡಬಹುದೋ ಅದೇ ಅದರ ನ್ಯಾಯವಾದ ಬೆಲೆ. “ಐದುನೂರು” ಎಂದೆ.

ಮಾಲೀಕ ಸಿಟ್ಟಾಗಲಿಲ್ಲ. ಗಿಡವನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. “ಸಾಬ್, ಆಪ್ ದಾಮ್ ನಹೀಂ ಪೂಛ್ ರಹೇ, ಐಬ್ ಢೂಂಢ್ ರಹೇ” ಎಂದ. ಬೆಲೆ ಕೇಳುತ್ತಿಲ್ಲ ನೀವು, ಕುಂದು ಹುಡುಕುತ್ತಿದ್ದೀರಿ. ಬೆಲೆ ಕೇಳುವುದೆಂದರೆ ಅದೇ ಅಲ್ಲವೇ ಎಂದುಕೊಂಡು ಗೆದ್ದ ಗತ್ತಿನಲ್ಲಿ ಮನೆಗೆ ಬಂದೆ.

ನನ್ನ ಬಸರಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿನವರು ಜುವ್ವಿ ಎನ್ನುವ ಮರ. ಪಕ್ಕದ ಮನೆಯ ಹಳೇ ಗಾರೆ ಗೋಡೆಯ ಬಿರುಕಿನಲ್ಲಿ ಹುಟ್ಟಿಕೊಂಡಿತ್ತು. ಗೋಡೆ ಒಡೆಯುತ್ತದೆಂದು ಅವರು ಮೇಸ್ತ್ರಿಯನ್ನು ಕರೆಸಿದ್ದರು. ಉಳಿಯ ಏಟಿಗೆ ಬೊಡ್ಡೆಯ ಒಂದು ಮಗ್ಗುಲು ಸೀಳಿಹೋಯಿತು. ಬೀದಿಗೆ ಎಸೆದದ್ದನ್ನು ನಾನೆತ್ತಿಕೊಂಡು ಬಂದೆ. ಇಟ್ಟಿಗೆ ಚೂರು ತುಂಬಿದ ಕುಂಡದಲ್ಲಿ ಹನ್ನೆರಡು ವರ್ಷ ಕಳೆದಿದೆ. ಗೋಡೆಯ ಬಿರುಕಿನಲ್ಲಿ ಚಪ್ಪಟೆಯಾಗಿದ್ದ ಬೇರುಗಳು ಈಗ ನೆಲಕ್ಕೆ ಹರಡಿವೆ. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿಸಿ ಕೆಲವು ದಿನ ಬರಿಮೈಯಲ್ಲಿ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ತಾಮ್ರಗೆಂಪಿನ ಚಿಗುರು. ಫ್ರಿಜ್ಜೂ ಬೇಡ, ಜಪಾನೂ ಬೇಡ. ಹೋದ ವರ್ಷ ಆ ಬರಿಮೈಯ ದಿನಗಳಲ್ಲೇ ಇಲ್ಲಿನ ಕನ್ನಡಿಗರ ಸಾಹಿತ್ಯ ಮಂದಿರದ ಕಾರ್ಯಕ್ರಮ ಮುಗಿಸಿಕೊಂಡು ಒಬ್ಬರು ಮನೆಗೆ ಬಂದರು. ಮೈಸೂರು ಕಡೆಯವರು. ದತ್ತಪೀಠದ ಬೋನ್ಸಾಯ್ ತೋಟ 2016ರಲ್ಲಿ 2,649 ಮರಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದ ಊರಿನವರು, ಅಂದರೆ ಕಣ್ಣು ಪಳಗಿದವರು. ತಾರಸಿಯ ಮರಗಳನ್ನೆಲ್ಲ ದಾಟಿ ನೇರ ಬಸರಿಯ ಮುಂದೆ ಮಂಡಿಯೂರಿದರು. ಬುಡ ನೋಡಿದರು, ಬೊಡ್ಡೆಗೆ ಬೆರಳಾಡಿಸಿದರು, ಕುಂಡ ಅಲ್ಲಾಡಿಸಿದರು.

“ಹದಿನೈದು ಸಾವಿರದ ಮರ ಸಾರ್. ಆದ್ರೆ ಇಲ್ಲೊಂದು ಗಾಯ ಇದೆಯಲ್ಲ, ಪೂರ್ತಿ ಮುಚ್ಚಿಲ್ಲ. ಏಳಕ್ಕೆ ಕೊಡ್ತೀರಾ?”

ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಗಾಯಕ್ಕೆ ಅರ್ಧ ಕಳೆಯುವುದು ನನ್ನದೇ ಶಾಸ್ತ್ರ, ನಾನಾಗಿದ್ದರೆ ಆರಕ್ಕೆ ಇಳಿಸುತ್ತಿದ್ದೆ. ಆದರೂ ಕಿವಿ ಬಿಸಿಯಾಯಿತು. ಪ್ರತಿ ಮಳೆಗಾಲ ಎಷ್ಟೆಷ್ಟು ಮುಚ್ಚಿಕೊಂಡಿದೆ ಎಂದು ನಾನು ಬೆರಳಿಟ್ಟು ಅಳೆಯುವ ಗಾಯ ಅದು. ಹನ್ನೆರಡು ವರ್ಷದಲ್ಲಿ ಎರಡು ಬೆರಳಗಲದಿಂದ ಅರ್ಧ ಬೆರಳಿಗೆ ಬಂದಿದೆ. ಅದನ್ನವರು ಕಳೆಯುವ ಬಾಬ್ತಿಗೆ ಸೇರಿಸಿಬಿಟ್ಟರು.

ಹೇಗೂ ಮಾರುವುದಿಲ್ಲ ಎಂದಿದ್ದರೆ ಸಾಕಿತ್ತು. ನಾನು ಕುಂಡವನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟೆ. “ನೀವು ಬೆಲೆ ಕೇಳ್ತಾ ಇಲ್ಲ ಸ್ವಾಮಿ” ಎಂದು ಬಾಯಿಗೆ ಬಂತು. ಎಲ್ಲೋ ಕೇಳಿದ ಮಾತು ಅನ್ನಿಸಿ ಅಲ್ಲಿಗೇ ನಿಲ್ಲಿಸಿ, “ಚಹಾ ತಗೊಳ್ರಿ, ಆರ್ತದ” ಎಂದೆ.