ಹಲಸಿನೆಲೆಯ ಕಿರೀಟ

ಕಾಸರಗೋಡಿನ ತೋಟಗಳ ನಡುವೆ ಬೆಳೆಯುವ ಮಗು ಕಲೆಯ ಸಾಮಗ್ರಿಗಾಗಿ ಅಂಗಡಿಯ ಮೆಟ್ಟಿಲು ಹತ್ತಬೇಕಾದ ಪ್ರಮೇಯ ಬಹುಕಾಲ ಇರಲಿಲ್ಲ. ತೆಂಗಿನ ಗರಿ ಕೈಗೆ ಸಿಕ್ಕರೆ ಪೀಪಿ, ಗಿರಿಗಿಟ್ಲೆ, ಹಾವು, ಕೈಗಡಿಯಾರ. ಅಡಿಕೆ ಮರದಿಂದ ಹಾಳೆ ಬಿದ್ದರೆ ಒಬ್ಬ ಕುಳಿತು ಇನ್ನೊಬ್ಬ ಎಳೆಯುವ ರಥ. ತೆಂಗಿನ ಕೊತ್ತಳಿಗೆ ಬೆಳಿಗ್ಗೆ ಕ್ರಿಕೆಟ್ ಬ್ಯಾಟಾದರೆ ಸಂಜೆಗೆ ಭೀಮನ ಗದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಮಕ್ಕಳ ಆಟವೆಂಬುದು ಯಕ್ಷಗಾನವಾಗದೆ ಮುಗಿಯುವುದು ಅಪರೂಪವಾಗಿತ್ತು. ಹಲಸಿನ ಎಲೆಗಳನ್ನು ಹಿಡಿಸೂಡಿ ಕಡ್ಡಿಯ ತುಂಡುಗಳಿಂದ ಒಂದಕ್ಕೊಂದು ಪೋಣಿಸಿದರೆ ಕಿರೀಟ, ಪಾತ್ರೆಯ ತಳದ ಮಸಿಯಿಂದ ಮೀಸೆ, ಬಿಸ್ಕತ್ತಿನ ಖಾಲಿ ಡಬ್ಬಿಯೇ ಚೆಂಡೆ. ಅಮ್ಮ ಊಟಕ್ಕೆ ಕರೆದಳೆಂದರೆ ರಾವಣನೂ ಕಿರೀಟ ಕಳಚಿ ಓಡಬೇಕು.

ಈ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಅಧ್ಯಾಪಿಕೆಯೊಬ್ಬರು ರಜಾದಿನಗಳಲ್ಲಿ ನೆರೆಕರೆಯ ಮಕ್ಕಳನ್ನು ಕೂಡಿಸಿಕೊಂಡು ಗುಡ್ಡಕ್ಕೆ ಹೋಗುತ್ತಾರೆ. ಮಕ್ಕಳಿಗೆ ಅವರು ಈಗಲೂ ‘ಟೀಚರ್’. ಅವರ ಕಟ್ಟಳೆಗಳು ಎರಡೇ. ಆದಷ್ಟು ಮಟ್ಟಿಗೆ ನೆಲಕ್ಕೆ ಬಿದ್ದದ್ದನ್ನು ಹೆಕ್ಕಬೇಕು. ಹೆಸರು ತಿಳಿಯದ ಎಲೆಯಿಂದ, ಕಾಯಿಯಿಂದ ಏನನ್ನೂ ಮಾಡಬಾರದು. ಎರಡನೆಯ ಕಟ್ಟಳೆಗೆ ಲೌಕಿಕ ಕಾರಣವೂ ಇದೆ. ಕೆಂಪು ಮೈಯ ಕಪ್ಪು ಕಣ್ಣಿನ ಗುಲಗಂಜಿ ಎಷ್ಟು ಚೆಲುವೋ ಅಷ್ಟೇ ವಿಷ. ಹಸಿ ಗೇರುಬೀಜದ ಸಿಪ್ಪೆಯ ಸೊನೆ ತಗಲಿದರೆ ಚರ್ಮ ಸುಟ್ಟು ಹೋಗುತ್ತದೆ. ಆದರೆ ಆ ಕಟ್ಟಳೆಯ ನಿಜವಾದ ಫಲ ಬೇರೆಡೆ ಕಂಡಿತು.

ಹೆಸರನ್ನು ಯಾವ ಭಾಷೆಯಲ್ಲಿ ತಂದರೂ ಆಗುತ್ತದೆ. ಹಾಗಾಗಿ ಒಂದು ಹಲಸಿನ ಎಲೆಯ ಸುತ್ತ ಮೊದಲ ದಿನವೇ ಜಗಳ ಹುಟ್ಟಿತು. ತುಳು ಮನೆಯ ಹುಡುಗನಿಗೆ ಅದು ಪೆಲ, ಮಲಯಾಳಿ ಮನೆಯವಳಿಗೆ ಪ್ಲಾವು, ಕೊಂಕಣಿಯವನಿಗೆ ಪಣಸು. ಟೀಚರ್ ನಾಲ್ಕನ್ನೂ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆಸಿದರು. ಸಪ್ತಭಾಷಾ ಸಂಗಮವೆಂದು ವೇದಿಕೆಗಳಲ್ಲಿ ಕೇಳಿಬರುವ ಮಾತು ಅಂದು ಎಲೆಯೊಂದರ ಮೇಲೆ ಬಂದು ಕುಳಿತಿತು. ಆ ಮೇಲೆ ಮಕ್ಕಳು ಮನೆಗೆ ಹೋಗಿ ಕೇಳತೊಡಗಿದರು. ತಂದೆತಾಯಿಗಳಿಗೆ ಉತ್ತರ ತಿಳಿದಿರಲಿಲ್ಲ, ಅಜ್ಜಿಯರಿಗೆ ತಿಳಿದಿತ್ತು. ದಿನವಿಡೀ ಮೊಬೈಲಿನಲ್ಲಿ ಮುಳುಗಿರುತ್ತಿದ್ದ, ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಒಂದೇ ಮಾತು ಉತ್ತರಿಸುತ್ತಿದ್ದ ಹುಡುಗಿಯೊಬ್ಬಳು, ಬಚ್ಚಲ ಹಿಂದಿನ ಗಿಡವೊಂದರ ಹೆಸರಿಗಾಗಿ ಅಜ್ಜಿಯ ಮಂಚದ ಬಳಿ ಅರ್ಧ ತಾಸು ಕುಳಿತಳು. ಹೆಸರಿನ ಜತೆಗೆ ಮದ್ದು, ಮದ್ದಿನ ಜತೆಗೆ ಅಜ್ಜಿಯ ಬಾಲ್ಯದ ಜ್ವರ, ಜ್ವರದ ಜತೆಗೆ ತೀರಿಹೋದ ತಮ್ಮನೊಬ್ಬನ ಕತೆ ಹೊರಬಂತು.

ಎಲ್ಲ ಹೆಸರೂ ಸಿಗುವುದಿಲ್ಲ. ಅದೇ ಪುಸ್ತಕದ ಪುಟವೊಂದರಲ್ಲಿ ಬಳ್ಳಿಯ ಎಲೆಯೊಂದು ಅಂಟಿಕೊಂಡಿದೆ. ಅದರ ಕೆಳಗಿನ ಗೆರೆ ಖಾಲಿ. ಅದನ್ನು ಬಲ್ಲವರು ಇದ್ದರು, ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆ ಬಳ್ಳಿಯಿಂದ ಮಕ್ಕಳು ಇಂದಿಗೂ ಏನನ್ನೂ ಮಾಡಿಲ್ಲ.

ಬಣ್ಣದ ಸಂಗತಿ ಇನ್ನೂ ಸ್ವಾರಸ್ಯಕರ. ತೇಗದ ಚಿಗುರೆಲೆಯನ್ನು ಅಂಗೈಯಲ್ಲಿ ಉಜ್ಜಿದರೆ ರಕ್ತದಂತಹ ಕೆಂಪು. ಬಸಳೆಯ ಹಣ್ಣು ಹಿಂಡಿದರೆ ನೇರಳೆ ಶಾಯಿ. ಮುರಕಲ್ಲನ್ನು ತೇಯ್ದು ನೀರು ಬೆರೆಸಿದರೆ ಕಾವಿ. ಅರಸಿನವೂ ಇದ್ದಿಲೂ ಅಡುಗೆಮನೆಯವು. ಪೆಟ್ಟಿಗೆಯ ಬಣ್ಣ ಯಾವ ದಿನವೂ ಒಂದೇ ತೆರ. ಈ ಬಣ್ಣಗಳಾದರೋ ಬೆಳಿಗ್ಗೆ ಒಂದು, ಒಣಗಿದ ಮೇಲೆ ಇನ್ನೊಂದು. ಬಸಳೆಯ ನೇರಳೆ ಕೆಲವೇ ದಿನಗಳಲ್ಲಿ ಮಾಸುವುದನ್ನು ಕಂಡ ಹುಡುಗನೊಬ್ಬ ಮೋಸವಾಯಿತೆಂದು ಅತ್ತನು. ಅವನನ್ನು ಯಾರೂ ಸಮಾಧಾನ ಮಾಡಲಿಲ್ಲ, ಅದು ಸರಿಯೇ.

ಎಲೆಗೂ ತನ್ನದೇ ಹಟವಿದೆ. ಪೀಪಿ ಮಾಡುವಾಗ ಗರಿಯ ಕಡ್ಡಿಯನ್ನು ಸೀಳಿ ತೆಗೆದು, ಸಪೂರ ತುದಿಯಿಂದ ಆರಂಭಿಸಿ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಗಲವಾಗಿ ಸುತ್ತುತ್ತ ಹೋಗಿ, ಕೊನೆಯನ್ನು ಕಡ್ಡಿಯಿಂದ ಚುಚ್ಚಿ ನಿಲ್ಲಿಸಬೇಕು. ಬಾಯಿಗಿಡುವ ನಾಲಗೆಯ ತುಂಡು ದಪ್ಪವಾದರೆ ಉಸಿರು ಮಾತ್ರ, ತೀರ ತೆಳುವಾದರೆ ಹರಿದುಹೋಗುತ್ತದೆ. ಒಣ ಹಾಳೆಯನ್ನು ನೆನೆಸದೆ ಮಡಚಿದರೆ ಮುಟ್ಟಾಳೆಯಾಗುವುದಿಲ್ಲ, ಬಿರಿಯುತ್ತದೆ. ಇವನ್ನು ಬಾಯಲ್ಲಿ ಹೇಳಿ ಕಲಿಸಲಾಗದು. ಟೀಚರ್ ಒಂದು ಕಡೆ ಸುಮ್ಮನೆ ಕುಳಿತು ತಾವೂ ಸುತ್ತುತ್ತಾರೆ. ಮಕ್ಕಳು ಅವರ ಬೆರಳನ್ನು ನೋಡುತ್ತಾರೆ.

ಓಣಂ ಬಂದಾಗ ಶಾಲೆಗಳ ಜಗಲಿಗಳಲ್ಲಿ ಪೂಕ್ಕಳಂ ಅರಳುತ್ತದೆ. ಅತ್ತಂನಿಂದ ತಿರುವೋಣಂವರೆಗಿನ ಹತ್ತು ದಿನ ಹಿಂದೆ ಮಕ್ಕಳು ತುಂಬೆ, ಕೇಪಳಗಳನ್ನು ಹುಡುಕಿ ಬೇಲಿ ಬೇಲಿ ಅಲೆಯುತ್ತಿದ್ದರು. ಈಗ ಕೇರಳದ ಪೇಟೆಗಳಿಗೆ ಗುಂಡ್ಲುಪೇಟೆಯ ಕಡೆಯಿಂದ ಚೆಂಡುಹೂವಿನ ಮೂಟೆಗಳು ಬರುತ್ತವೆ. ಅಲ್ಲಿನ ರೈತನಿಗೆ ಅದು ಅನ್ನ, ಅದನ್ನು ಜರೆಯುವಂತಿಲ್ಲ. ಆದರೆ ತೂಕಮಾಡಿ ಕೊಂಡ ಹೂವಿಗಾಗಿ ಯಾವ ಮಗುವೂ ಮುಳ್ಳು ತರಚಿಸಿಕೊಳ್ಳಬೇಕಾಗಿಲ್ಲ.

ಕೆಲವು ತಾಯಂದಿರ ಆಕ್ಷೇಪ ಬೇರೆ: ಸಂಜೆಗೆ ಬಾಡುವುದನ್ನು ಮಾಡಿ ಏನು ಪ್ರಯೋಜನ, ಗೋಡೆಗೆ ತೂಗುಹಾಕುವಂತಹದೇನಾದರೂ ಕಲಿಸಬಾರದೇ? ಈ ನೆಲದಲ್ಲಿ ಹುಟ್ಟಿದವರು ಕೇಳುವ ಪ್ರಶ್ನೆಯಲ್ಲ ಇದು. ದೈವದ ಸೊಂಟಕ್ಕೆ ಕಟ್ಟುವ ಸಿರಿ ತೆಂಗಿನ ಎಳೆಯ ಗರಿಯದು. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಕಳೆಂಜನ ಉಡುಗೆಯೂ ಗರಿ, ಕೊಡೆಯೂ ಓಲೆ. ಅವನ್ನು ನುರಿತ ಕೈಗಳು ಕಟ್ಟುವುದು ಆ ಹೊತ್ತಿಗಾಗಿಯೇ, ಕಪಾಟಿನಲ್ಲಿ ಇಡಲೆಂದಲ್ಲ. ಆದರೂ ಟೀಚರ್ ತಾಯಂದಿರೊಡನೆ ವಾದಕ್ಕೆ ಇಳಿಯುವುದಿಲ್ಲ. ಅವರ ಕೈಗೂ ಒಂದೊಂದು ಗರಿ ಕೊಡುತ್ತಾರೆ. ಹೆಚ್ಚಿನವರಿಗೆ ಗಿರಿಗಿಟ್ಲೆ ಮರೆತಿರುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ಹನ್ನೆರಡು ಎಲೆಯ ದೊಡ್ಡ ಕಿರೀಟವೊಂದು ಸಿದ್ಧವಾಗಿತ್ತು. ನಡುವೆ ಕೇಪಳದ ಗೊಂಚಲು, ಅಂಚಿಗೆ ಮಂಜೊಟ್ಟಿಯ ಕೆಂಪು ಬೀಜ. ಅದನ್ನು ಜಗಲಿಯ ಕಟ್ಟೆಯ ಮೇಲಿಟ್ಟು ರಾಜನೂ ಮಂತ್ರಿಯೂ ನೀರು ಕುಡಿಯಲು ಒಳಗೆ ಹೋದರು. ಹಲಸಿನೆಲೆಯೆಂದರೆ ಆಡಿಗೆ ಪ್ರಾಣ. ಮರಳಿ ಬಂದಾಗ ನೆರೆಮನೆಯ ಆಡು ಕಟ್ಟೆಯ ಮೇಲೆ ಮುಂಗಾಲಿಟ್ಟು ನಿಂತು, ಕಡ್ಡಿಗಳನ್ನು ಮಾತ್ರ ಬದಿಗೆ ಉಗುಳುತ್ತಿತ್ತು. ಮಂತ್ರಿ ಆಡನ್ನು ಅಟ್ಟಿದ. ರಾಜ ಚೆಲ್ಲಾಡಿದ ಮಂಜೊಟ್ಟಿ ಬೀಜಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡು, ಹೊಸ ಎಲೆ ಹೆಕ್ಕಲು ಹಲಸಿನ ಮರದ ಕಡೆಗೆ ನಡೆದ.